ಅದೇ ಅಥವಾ ಅಂಥದೇ?

ಭಾನುವಾರದ ಪೂಜೆ ಮುಗಿದ ಮೇಲೆ ನಮ್ಮ ಇಗರ್ಜಿಯ ಪಕ್ಕದ ಹಾಲ್‌ನಲ್ಲಿ ಮಕ್ಕಳಿಗೆ ದೊತೊರ್ನ್ ಕಲಿಸುತ್ತೇನೆ. ಮಂಗಳೂರು ಕಡೆಯ ಕ್ಯಾಥೋಲಿಕರು ಧರ್ಮೋಪದೇಶದ ತರಗತಿಗೆ ಹೇಳುವ ಹೆಸರು ಅದು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳಿಗೆ ಸೀಮೆಸುಣ್ಣ ಬಿಟ್ಟು ಕೂರುವುದು ಆಗಲಿಲ್ಲ. ಕಳೆದ ಮಳೆಗಾಲದಲ್ಲಿ ಒಂದು ದಿನ ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿತ್ವದ ಪಾಠ ನಡೆಯುತ್ತಿತ್ತು. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ.

“ಟೀಚರ್, ಮಗ ಅಂದ್ರೆ ಅಪ್ಪನ ನಂತರ ಬಂದವ ಅಲ್ಲವಾ? ಹಾಗಾದ್ರೆ ಅಪ್ಪ ಇದ್ದು ಮಗ ಇಲ್ಲದ ಕಾಲ ಅಂತ ಒಂದು ಇದ್ದಿರಬೇಕಲ್ಲ?”

ನಾನು ಬಾಯಿ ತೆರೆಯುವ ಮೊದಲೇ ಅವನ ಮುಂದಿನ ಬೆಂಚಿನ ಹುಡುಗಿ ತಿರುಗಿ, “ಮಗನೇ ಇಲ್ಲದಿದ್ರೆ ಅವರು ಅಪ್ಪ ಹೇಗಾಗ್ತಾರೆ ಮಾರಾಯ?” ಎಂದಳು.

ನಾನು ಸೀಮೆಸುಣ್ಣ ಕೆಳಗಿಟ್ಟು ಕುರ್ಚಿಯಲ್ಲಿ ಕೂತೆ. ಹುಡುಗ ಕೇಳಿದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರದ ಪಾದ್ರಿ ಆರಿಯಸ್ ಕೇಳಿದ ಪ್ರಶ್ನೆ. ಹುಡುಗಿ ಕೊಟ್ಟದ್ದು ಅದೇ ನಗರದ ಬಿಷಪ್ ಅಥನೇಷಿಯಸ್ ಕೊಟ್ಟ ಉತ್ತರ. ಆ ಪ್ರಶ್ನೆ ಮತ್ತು ಉತ್ತರದ ನಡುವೆ ಕ್ರೈಸ್ತ ಲೋಕ ನಾಲ್ಕನೇ ಶತಮಾನದ ಅರವತ್ತಕ್ಕೂ ಹೆಚ್ಚು ವರ್ಷಗಳನ್ನು ಕಳೆಯಿತು. ಬಿಷಪ್‌ಗಳು ಗಡೀಪಾರಾದರು, ಇಗರ್ಜಿಗಳಿಗೆ ಸೈನ್ಯ ನುಗ್ಗಿತು, ಜನ ಬೀದಿಯಲ್ಲಿ ಹೊಡೆದಾಡಿದರು. ಪ್ರತಿ ಭಾನುವಾರ ನಾವು ಎದ್ದು ನಿಂತು ಹೇಳುವ ವಿಶ್ವಾಸ ಪ್ರಮಾಣ ಆ ಗದ್ದಲದಿಂದ ಬಂದದ್ದು.

ಈ ಕಥೆಯನ್ನು ನಮ್ಮಲ್ಲಿ ಎರಡು ರೀತಿಯಲ್ಲಿ ಹೇಳುವುದನ್ನು ಕೇಳಿದ್ದೇನೆ. ಕ್ರೈಸ್ತರು ಒಂದು ಅಕ್ಷರಕ್ಕಾಗಿ ಕಚ್ಚಾಡಿದರು ಎನ್ನುವುದು ಒಂದು. ಒಬ್ಬ ಚಕ್ರವರ್ತಿ ಬಿಷಪ್‌ಗಳಿಂದ ಕೈ ಎತ್ತಿಸಿ ಒಬ್ಬ ಮನುಷ್ಯನನ್ನು ದೇವರನ್ನಾಗಿ ಮಾಡಿದ ಎನ್ನುವುದು ಇನ್ನೊಂದು. ಹಾಗೆ ಹೇಳುವ ಕಾದಂಬರಿ, ಸಿನಿಮಾಗಳು ಬಂದ ಮೇಲೆ ಇದೇ ಹೆಚ್ಚು. ಎರಡೂ ನಿಜವಲ್ಲ. ಎರಡನ್ನೂ ಕೇಳುವಾಗ ನನಗೆ ನೋವಾಗುತ್ತದೆ. ಅಲ್ಲಿ ಜೀವ ತೇದವರು ಕೇಳುತ್ತಿದ್ದ ಪ್ರಶ್ನೆ ಬಹಳ ದೊಡ್ಡದು: ನಮ್ಮ ಬಳಿಗೆ ಇಳಿದು ಬಂದು, ನಮ್ಮಂತೆಯೇ ಹಸಿದು, ಅತ್ತು, ಶಿಲುಬೆಯಲ್ಲಿ ಸತ್ತವನು ದೇವರೋ, ದೇವರು ಕಳಿಸಿದ ಬೇರೆ ಯಾರೋ?

ಆರಿಯಸ್ ಲಿಬಿಯಾ ಮೂಲದವನು. ಅಲೆಕ್ಸಾಂಡ್ರಿಯಾದ ಬೌಕಾಲಿಸ್ ಎಂಬ ಇಗರ್ಜಿಯ ಹೊಣೆ ಅವನದು. ಎತ್ತರದ ಆಳು, ತಪಸ್ವಿಯ ಸರಳ ಉಡುಪು, ಕೇಳಿದವರನ್ನು ಸೆಳೆಯುವ ಮೃದು ಮಾತು. ಹೀಗೆಂದು ಬರೆದಿಟ್ಟವರು ಅವನ ವಿರೋಧಿಗಳೇ. 318ರ ಆಸುಪಾಸಿನಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಅವನು ತನ್ನ ಬಿಷಪ್ ಅಲೆಕ್ಸಾಂಡರ್‌ನ ಬೋಧನೆಗೆ ತಕರಾರು ತೆಗೆದ. ತಂದೆಯೂ ಮಗನೂ ಸಮನಾಗಿ ಅನಾದಿ ಎಂದು ಅಲೆಕ್ಸಾಂಡರ್ ಕಲಿಸುತ್ತಿದ್ದ. ಅನಾದಿಯಾದದ್ದು ಎರಡಾದರೆ ದೇವರು ಎರಡಾದಂತಲ್ಲವೇ ಎಂಬುದು ಆರಿಯಸ್‌ನ ಅಂಜಿಕೆ. ಯಾರಿಂದಲೂ ಹುಟ್ಟದ, ಮೊದಲಿಲ್ಲದ ದೇವರು ಒಬ್ಬನೇ. ಮಗ ಆ ದೇವರ ಇಚ್ಛೆಯಿಂದ ಶೂನ್ಯದಿಂದ ಬಂದವನು, ಲೋಕ, ಕಾಲ ಎಲ್ಲಕ್ಕಿಂತ ಮೊದಲೇ ಬಂದವನು, ಸೃಷ್ಟಿಯಲ್ಲೆಲ್ಲ ಶ್ರೇಷ್ಠ. ಆದರೂ ಸೃಷ್ಟಿಯೇ.

ಅವನು ಯೇಸುವನ್ನು ತೃಣವಾಗಿ ಕಂಡವನಲ್ಲ, ಅವನೂ ಯೇಸುವಿಗೆ ಪ್ರಾರ್ಥಿಸುತ್ತಿದ್ದ. ಅವನ ಕೈಯಲ್ಲಿ ಶಾಸ್ತ್ರವೂ ಇತ್ತು. ಯೋಹಾನನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ತಂದೆ ತನಗಿಂತ ದೊಡ್ಡವನೆಂದು ಯೇಸುವೇ ಹೇಳುತ್ತಾನೆ. ಮಾರ್ಕನ 13ನೇ ಅಧ್ಯಾಯದಲ್ಲಿ ಅಂತ್ಯದ ಗಳಿಗೆ ಮಗನಿಗೂ ಗೊತ್ತಿಲ್ಲ ಎಂದಿದೆ. ಎಲ್ಲಕ್ಕಿಂತ ತೊಡಕಿನದು ಜ್ಞಾನೋಕ್ತಿಗಳ ಪುಸ್ತಕದ 8ನೇ ಅಧ್ಯಾಯ. ಅಲ್ಲಿ ದೇವಜ್ಞಾನವೇ ಮಾತಾಡುತ್ತದೆ; ಕ್ರೈಸ್ತರು ಆ ಜ್ಞಾನ ಕ್ರಿಸ್ತನೇ ಎಂದು ಓದುತ್ತಿದ್ದರು. ಅವರು ಬಳಸುತ್ತಿದ್ದ ಗ್ರೀಕ್ ಅನುವಾದದಲ್ಲಿ ದೇವರು ಆ ಜ್ಞಾನವನ್ನು ‘ಸೃಷ್ಟಿಸಿದ’ ಎಂಬ ಕ್ರಿಯಾಪದವಿದೆ. ಹೀಬ್ರೂ ಮೂಲದ ಪದಕ್ಕೆ ‘ಪಡೆದ’ ಎಂಬ ಅರ್ಥವೂ ಉಂಟು. ಒಂದು ಅನುವಾದದ ಪದ ಎಷ್ಟು ದೂರ ಹೋಗಬಹುದು ಎಂಬುದು ಭಾಷಾ ಟೀಚರಾದ ನನ್ನನ್ನು ಇಂದಿಗೂ ಬೆಚ್ಚಿಸುತ್ತದೆ.

ಆರಿಯಸ್ ತನ್ನ ವಿಚಾರವನ್ನು ‘ಥಾಲಿಯಾ’ ಎಂಬ ಪದ್ಯಕೃತಿಯಲ್ಲಿ ಕಟ್ಟಿದ. ನಾವಿಕರಿಗೆ, ಬೀಸುವವರಿಗೆ, ದಾರಿಹೋಕರಿಗೆ ಹಾಡು ಬರೆದುಕೊಟ್ಟ ಎಂದು ಹಳೆಯ ಇತಿಹಾಸಕಾರನೊಬ್ಬ ಬರೆದಿದ್ದಾನೆ. ಕಾಳು ಬೀಸುತ್ತ, ಹಗ್ಗ ಎಳೆಯುತ್ತ ಜನ ದೇವತತ್ತ್ವವನ್ನು ಹಾಡಿಕೊಂಡರು. ಪಂಡಿತರ ಅಂಗಳದ ಮಾತು ಬಂದರಿನ ಕಟ್ಟೆಗೆ ಇಳಿದದ್ದು ಹೀಗೆ.

ಇದನ್ನು ಹೇಳಿದಾಗಲೆಲ್ಲ ನನ್ನ ಸಹೋದ್ಯೋಗಿಗಳು, “ಓ, ನಮ್ಮ ದ್ವೈತ–ಅದ್ವೈತದ ಹಾಗೆ” ಎನ್ನುತ್ತಿದ್ದರು. ಆ ಹೋಲಿಕೆ ಇಲ್ಲಿ ಕೂರುವುದಿಲ್ಲ. ಅಲ್ಲಿನ ಪ್ರಶ್ನೆ ಜೀವಕ್ಕೂ ಬ್ರಹ್ಮಕ್ಕೂ ಏನು ಸಂಬಂಧ ಎಂಬುದು. ಇಲ್ಲಿ ಸೃಷ್ಟಿಕರ್ತ ಬೇರೆ, ಸೃಷ್ಟಿ ಬೇರೆ ಎಂಬುದನ್ನು ಎರಡೂ ಪಕ್ಷ ಒಪ್ಪಿಯಾಗಿತ್ತು. ಇವೆರಡರ ನಡುವೆ ಗೆರೆ ಎಳೆದರೆ ಯೇಸು ಗೆರೆಯ ಯಾವ ಬದಿಯವನು ಎಂಬುದಷ್ಟೇ ಜಗಳ. ಗೆರೆಯ ಮೇಲೆ ನಿಲ್ಲಲು ಜಾಗವಿರಲಿಲ್ಲ.

ಇನ್ನೊಂದು ಬದಿಯ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ಅಥನೇಷಿಯಸ್. ಆಗ ಅವನು ಅಲೆಕ್ಸಾಂಡರ್‌ನ ಕೈಕೆಳಗಿನ ಡೀಕನ್, ಎಳೆಯ ವಯಸ್ಸು. ಅವನ ‘ದೇಹಧಾರಣೆ’ಯ ಕುರಿತ ಪುಸ್ತಕದಲ್ಲಿ ಎರಡು ಚಿತ್ರಗಳಿವೆ. ನಾನು ಮಕ್ಕಳಿಗೆ ತತ್ತ್ವ ಹೇಳುವುದಿಲ್ಲ, ಆ ಚಿತ್ರಗಳನ್ನೇ ಬೋರ್ಡಿನ ಮೇಲೆ ಬಿಡಿಸುತ್ತೇನೆ. ಒಂದು, ಹಲಗೆಯ ಮೇಲೆ ಬರೆದ ಒಬ್ಬರ ಭಾವಚಿತ್ರ ಕಲೆ ಹತ್ತಿ ಮಾಸಿಹೋಗಿದೆ. ಹಲಗೆಯನ್ನು ಎಸೆಯುವಂತಿಲ್ಲ. ಚಿತ್ರ ಮತ್ತೆ ಮೂಡಬೇಕಾದರೆ ಅದು ಯಾರ ಚಿತ್ರವೋ ಅವರೇ ಬಂದು ಮುಂದೆ ಕೂರಬೇಕು; ಬೇರೊಬ್ಬ ಎಷ್ಟೇ ದೊಡ್ಡವನಾದರೂ ಬಂದು ಪ್ರಯೋಜನವಿಲ್ಲ. ಮನುಷ್ಯ ದೇವರ ರೂಪವನ್ನು ಹೊತ್ತ ಹಲಗೆ. ಇನ್ನೊಂದು, ದೊಡ್ಡ ಅರಸ ಒಂದು ಊರಿಗೆ ಬಂದು ಒಂದೇ ಒಂದು ಮನೆಯಲ್ಲಿ ಬಿಡಾರ ಮಾಡಿದರೆ ಇಡೀ ಊರಿಗೆ ಮರ್ಯಾದೆ. ಕಳ್ಳಕಾಕರು ಆ ಕಡೆ ಸುಳಿಯುವುದಿಲ್ಲ. ಅರಸ ತಾನು ಬಾರದೆ ಕಾರಭಾರಿಯನ್ನು ಕಳಿಸಿದ್ದರೆ ಹಾಗಾಗುತ್ತಿತ್ತೇ?

ನನಗೆ ಇಡೀ ವಿವಾದದ ಜೀವ ಇರುವುದು ಇಲ್ಲಿ. ಸೃಷ್ಟಿಯಾದವನೊಬ್ಬ ಇನ್ನೊಂದು ಸೃಷ್ಟಿಯನ್ನು ದೇವರೊಡನೆ ಒಂದುಗೂಡಿಸಲಾರ ಎಂಬುದು ಅಥನೇಷಿಯಸ್‌ನ ವಾದ. ಮಗ ಸೃಷ್ಟಿಯಾದರೆ ಅವನ ಹೆಸರಿನಲ್ಲಿ ಸ್ನಾನದೀಕ್ಷೆ ಕೊಡುವುದೂ ಅವನಿಗೆ ಮೊಣಕಾಲೂರುವುದೂ ಸೃಷ್ಟಿಯನ್ನು ಪೂಜಿಸಿದ ತಪ್ಪಾಗುತ್ತದೆ. ಜನ ಹಾಗೆ ಮೊಣಕಾಲೂರುತ್ತ ಬಂದದ್ದಂತೂ ನಿಜ.

ಯೇಸುವನ್ನು ದೇವರೆಂದು ಪೂಜಿಸುವುದು ಚಕ್ರವರ್ತಿ ಕಾನ್‌ಸ್ಟಂಟೈನ್‌ನ ಕಾಲದಲ್ಲಿ ಶುರುವಾದದ್ದಲ್ಲ. ಸುಮಾರು 112ರಲ್ಲಿ, ಈಗಿನ ಟರ್ಕಿಯಲ್ಲಿರುವ ಬಿಥೀನಿಯಾ ಪ್ರಾಂತದ ರೋಮನ್ ಅಧಿಕಾರಿ ಪ್ಲಿನಿ ತನ್ನ ಚಕ್ರವರ್ತಿ ಟ್ರಾಜನ್‌ನಿಗೆ ಬರೆದ ಕಾಗದವಿದೆ. ಈ ಕ್ರೈಸ್ತರು ಗೊತ್ತಾದ ದಿನ ಬೆಳಕು ಹರಿಯುವ ಮೊದಲು ಸೇರಿ, ಕ್ರಿಸ್ತನನ್ನು ದೇವರೆಂಬಂತೆ ಸ್ತುತಿಸಿ ಹಾಡುತ್ತಾರೆ ಎಂದು ಅವನು ವರದಿ ಮಾಡುತ್ತಾನೆ. ಅದು ನಿಜವೇ ಎಂದು ತಿಳಿಯಲು ಅವನು ಸಭೆಯ ಸೇವಕಿಯರಾಗಿದ್ದ ಇಬ್ಬರು ಗುಲಾಮ ಹೆಂಗಸರಿಗೆ ಹಿಂಸೆ ಕೊಟ್ಟ. ಅವರ ಹೆಸರುಗಳನ್ನು ಅವನು ಬರೆದಿಡಲಿಲ್ಲ. ಇಸ್ರೇಲಿನ ಮೆಗಿದ್ದೋದಲ್ಲಿ 2005ರಲ್ಲಿ ಜೈಲಿನ ಆವರಣದಲ್ಲಿ ಅಗೆಯುವಾಗ ಮೂರನೇ ಶತಮಾನದ್ದೆಂದು ತಜ್ಞರು ಹೇಳುವ ಪ್ರಾರ್ಥನಾಗೃಹದ ನೆಲ ಸಿಕ್ಕಿತು. ಚಿಕ್ಕ ಚಿಕ್ಕ ಕಲ್ಲಿನ ಚೂರುಗಳನ್ನು ಜೋಡಿಸಿ ಬರೆದ ಗ್ರೀಕ್ ಅಕ್ಷರಗಳಲ್ಲಿ, ಅಕೆಪ್ತೂಸ್ ಎಂಬ ಹೆಂಗಸು ಅಲ್ಲಿನ ಮೇಜನ್ನು ದೇವರಾದ ಯೇಸು ಕ್ರಿಸ್ತನಿಗೆ ಅರ್ಪಿಸಿದ್ದಾಳೆಂದು ಕಂಡಿದೆ. ಆಗಿನ್ನೂ ಕಾನ್‌ಸ್ಟಂಟೈನ್ ಪಟ್ಟಕ್ಕೆ ಬಂದಿರಲಿಲ್ಲ. ಹಿಂಸೆ ತಿಂದ ಆ ಇಬ್ಬರು, ಮೇಜು ಕೊಟ್ಟ ಈ ಒಬ್ಬಳು. ಬಿಷಪ್‌ಗಳು ಪದ ಹುಡುಕುವುದಕ್ಕೆ ಬಹಳ ಮೊದಲೇ ಇವರು ಉತ್ತರವನ್ನು ಬದುಕಿದ್ದರು.

ಅಲೆಕ್ಸಾಂಡರ್ ಈಜಿಪ್ಟ್, ಲಿಬಿಯಾದ ನೂರರಷ್ಟು ಬಿಷಪ್‌ಗಳನ್ನು ಸೇರಿಸಿ ಆರಿಯಸ್‌ನನ್ನು ಧರ್ಮಸಭೆಯಿಂದ ಹೊರಹಾಕಿದ. ಆರಿಯಸ್ ಸುಮ್ಮನಾಗಲಿಲ್ಲ. ನಿಕೊಮೀಡಿಯಾದ ಬಿಷಪ್ ಯುಸೀಬಿಯಸ್ ಅವನ ಹಳೆಯ ಒಡನಾಡಿ, ಇಬ್ಬರೂ ಅಂತಿಯೋಕ್ಯದ ಲೂಸಿಯನ್ ಎಂಬ ಒಬ್ಬನೇ ಗುರುವಿನಲ್ಲಿ ಕಲಿತವರು. ನಿಕೊಮೀಡಿಯಾ ಆಗ ಪೂರ್ವದ ರಾಜಧಾನಿ. ಕಾಗದಗಳು ಎಲ್ಲ ದಿಕ್ಕಿಗೂ ಓಡಿದವು. ಅಷ್ಟರಲ್ಲಿ, 324ರಲ್ಲಿ, ಕಾನ್‌ಸ್ಟಂಟೈನ್ ತನ್ನ ಎದುರಾಳಿ ಲಿಸಿನಿಯಸ್‌ನನ್ನು ಸೋಲಿಸಿ ಇಡೀ ಸಾಮ್ರಾಜ್ಯದ ಒಡೆಯನಾದ. ಕ್ರೈಸ್ತ ಧರ್ಮ ತನ್ನ ರಾಜ್ಯವನ್ನು ಒಂದುಮಾಡುತ್ತದೆ ಎಂದುಕೊಂಡವನಿಗೆ ಕಂಡದ್ದು ಧರ್ಮದೊಳಗಿನ ಬಿರುಕು. ಇದು ಕೆಲಸವಿಲ್ಲದ ಹೊತ್ತಿನಲ್ಲಿ ಹುಟ್ಟಿದ ಸಣ್ಣ ಮಾತು, ಇದಕ್ಕಾಗಿ ಒಡೆಯಬೇಡಿ ಎಂಬ ಅರ್ಥದ ಕಾಗದವನ್ನು ಅವನು ಸ್ಪೇನಿನ ಬಿಷಪ್ ಓಸಿಯಸ್‌ನ ಕೈಯಲ್ಲಿ ಇಬ್ಬರಿಗೂ ಕಳಿಸಿದ. ಕಾಗದದಿಂದ ಏನೂ ಆಗಲಿಲ್ಲ.

ಆಗ ನೈಸಿಯಾ. ಇದೇ ಬಿಥೀನಿಯಾ ಪ್ರಾಂತದ ಕೆರೆಯ ದಡದ ಊರು, ಈಗಿನ ಹೆಸರು ಇಜ್ನಿಕ್. ಅಂಕೀರಾದಲ್ಲಿ ಸೇರಬೇಕಿದ್ದ ಸಭೆಯನ್ನು ಕಾನ್‌ಸ್ಟಂಟೈನ್ ಇಲ್ಲಿಗೆ ಬದಲಿಸಿದ. ಇಟಲಿಯ ಕಡೆಯಿಂದ ಬರುವವರಿಗೆ ಹತ್ತಿರ, ಹವೆ ಚೆನ್ನಾಗಿದೆ, ತಾನೂ ಬರಬಹುದು ಎಂಬುದು ಅವನು ಕೊಟ್ಟ ಕಾರಣ. 325ರ ಬೇಸಿಗೆಯ ಹೊತ್ತಿಗೆ ಬಿಷಪ್‌ಗಳು ಸರ್ಕಾರಿ ಅಂಚೆಯ ಕುದುರೆ, ಗಾಡಿಗಳಲ್ಲಿ ಬಂದಿಳಿದರು. 318 ಮಂದಿ ಎಂಬುದು ಸಂಪ್ರದಾಯದ ಲೆಕ್ಕ. ಅದು ಆದಿಕಾಂಡದಲ್ಲಿ ಅಬ್ರಹಾಮನ ಜೊತೆ ಯುದ್ಧಕ್ಕೆ ಹೊರಟವರ ಸಂಖ್ಯೆ. ಅಲ್ಲಿದ್ದ ಇನ್ನೊಬ್ಬ ಯುಸೀಬಿಯಸ್, ಸಿಸೇರಿಯಾದ ಬಿಷಪ್, 250ಕ್ಕೂ ಹೆಚ್ಚು ಎನ್ನುತ್ತಾನೆ. ಹೆಚ್ಚಿನವರು ಗ್ರೀಕ್ ಮಾತಾಡುವ ಪೂರ್ವದವರು. ರೋಮಿನ ಬಿಷಪ್ ಸಿಲ್ವೆಸ್ಟರ್ ತಾನು ಬಾರದೆ ಇಬ್ಬರು ಪಾದ್ರಿಗಳನ್ನು ಕಳಿಸಿದ.

ಅರಮನೆಯ ಆ ಸಭಾಂಗಣದ ಒಂದು ನೋಟ ನನ್ನ ಕಣ್ಣಿಗೆ ಕಟ್ಟಿದೆ. ಕ್ರೈಸ್ತರ ಮೇಲಿನ ದೊಡ್ಡ ದಮನ ಮುಗಿದು ಹೆಚ್ಚು ವರ್ಷವಾಗಿರಲಿಲ್ಲ. ಈಜಿಪ್ಟಿನ ಪಾಫ್ನೂಷಿಯಸ್‌ನ ಒಂದು ಕಣ್ಣನ್ನು ಆಗ ಕಿತ್ತಿದ್ದರಂತೆ. ನಿಯೋಸಿಸೇರಿಯಾದ ಪೌಲನ ಎರಡೂ ಕೈ ಕಾದ ಕಬ್ಬಿಣದಿಂದ ಸುಟ್ಟು ಮುದುಡಿದ್ದವಂತೆ. ಅಂಥವರು ಸಾಲಾಗಿ ಕೂತಿದ್ದಾರೆ. ಬಾಗಿಲಿನಿಂದ ಬರುವವನು ರೋಮನ್ ಚಕ್ರವರ್ತಿ, ಕೆನ್ನೇರಳೆ ನಿಲುವಂಗಿ, ಚಿನ್ನ, ರತ್ನ. ನಡುವೆ ಒಂದು ಚಿಕ್ಕ ಚಿನ್ನದ ಆಸನ. ಬಿಷಪ್‌ಗಳು ಸನ್ನೆ ಮಾಡುವ ತನಕ ಅವನು ಕೂರಲಿಲ್ಲ ಎಂದು ಸಿಸೇರಿಯಾದ ಯುಸೀಬಿಯಸ್ ಬರೆಯುತ್ತಾನೆ. ಬಿಷಪ್‌ಗಳು ಒಬ್ಬರ ಮೇಲೊಬ್ಬರು ಬರೆದು ಕೊಟ್ಟ ದೂರುಗಳ ಕಟ್ಟನ್ನು ಅವನು ಬಿಚ್ಚಿಯೂ ನೋಡದೆ ಸುಟ್ಟ ಎಂಬ ಕಥೆಯೂ ಇದೆ. ಸಂತ ನಿಕೊಲಾಸ್ ಆರಿಯಸ್‌ನ ಕೆನ್ನೆಗೆ ಬಾರಿಸಿದನೆಂಬ ಮಾತು ಕ್ರಿಸ್ಮಸ್ ಸಮಯದಲ್ಲಿ ಮೊಬೈಲ್‌ನಲ್ಲಿ ಓಡಾಡುತ್ತದೆ. ಅದು ಶತಮಾನಗಳ ನಂತರ ಹುಟ್ಟಿಕೊಂಡದ್ದು. ಬೈಬಲ್ಲಿನ ಪುಸ್ತಕಗಳನ್ನು ಅಲ್ಲಿ ಆರಿಸಿದರು ಎಂಬುದೂ ಸುಳ್ಳು. ಆ ಸಭೆ ಹೊರಡಿಸಿದ 20 ನಿಯಮಗಳಲ್ಲಿ ಅದರ ಸುದ್ದಿಯೇ ಇಲ್ಲ.

ಆರಿಯಸ್‌ನ ಮಾತನ್ನು ಒಪ್ಪುವುದಿಲ್ಲ ಎಂದು ಬಹುಮಂದಿ ಬೇಗ ತೀರ್ಮಾನಿಸಿದರು. ಕಷ್ಟವಾದದ್ದು ತಮ್ಮ ನಂಬಿಕೆಯನ್ನು ಯಾವ ಮಾತಿನಲ್ಲಿ ಹೇಳುವುದು ಎಂಬುದು. ಶಾಸ್ತ್ರದ ಮಾತುಗಳಲ್ಲೇ ಹೇಳೋಣ ಎಂದು ಹೊರಟರು. ಮಗ ‘ದೇವರಿಂದ’ ಬಂದವನು ಎಂದರು. ಆರಿಯಸ್‌ನ ಕಡೆಯವರು ತಮ್ಮತಮ್ಮಲ್ಲೇ ಪಿಸುಗುಟ್ಟಿ, ಕಣ್ಣು ಮಿಟುಕಿಸಿ, ಒಪ್ಪಿದೆವು ಎಂದರು. ಎಲ್ಲವೂ ದೇವರಿಂದಲೇ ಬಂದದ್ದಲ್ಲವೇ! ಮಗ ದೇವರ ‘ಶಕ್ತಿ’ ಎಂದರು. ಅದನ್ನೂ ಒಪ್ಪಿದರು, ಪ್ರವಾದಿ ಯೋವೇಲನ ಪುಸ್ತಕದಲ್ಲಿ ಮಿಡತೆಗಳನ್ನೂ ದೇವರ ಶಕ್ತಿ ಎಂದೇ ಕರೆದಿದೆ. ಆ ಪಿಸುಮಾತು, ಆ ಕಣ್ಸನ್ನೆಗಳನ್ನು ಅಥನೇಷಿಯಸ್ ಎಷ್ಟೋ ವರ್ಷಗಳ ನಂತರ ಬರೆದಿಟ್ಟ. ಪರೀಕ್ಷೆಯಲ್ಲಿ ಯಾವ ಪ್ರಶ್ನೆ ಕೊಟ್ಟರೂ ಹಾರಿಕೆಯ ಉತ್ತರ ಬರೆಯಬಲ್ಲ ಮಕ್ಕಳು ಇರುತ್ತಾರೆ. ಅವರನ್ನು ಹಿಡಿಯಲು ಮೇಷ್ಟರು ಪ್ರಶ್ನೆಯನ್ನೇ ಬಿಗಿಗೊಳಿಸಬೇಕು.

ಹಾಗೆ ಬಿಗಿಗೊಳಿಸಿದ ಪದ ‘ಹೊಮೊಊಸಿಯೊಸ್’. ‘ಹೊಮೊ’ ಅಂದರೆ ಒಂದೇ. ‘ಊಸಿಯಾ’ ಎಂಬುದು ಗ್ರೀಕಿನಲ್ಲಿ ‘ಇರು’ ಎಂಬ ಧಾತುವಿನಿಂದ ಬಂದದ್ದು. ಸತ್ತ್ವ, ತತ್ತ್ವ, ಸ್ವರೂಪ ಎಂದೆಲ್ಲ ಅದಕ್ಕೆ ಹೇಳುವುದುಂಟು. ನನಗೆ ಎಲ್ಲಕ್ಕಿಂತ ಹಿಡಿಸುವುದು ನಮ್ಮ ಅಚ್ಚಗನ್ನಡದ ‘ಇರವು’. ಧಾತುವಿಗೆ ಧಾತು ಸರಿಯಾಗಿ ಕೂರುತ್ತದೆ. ತಂದೆಯ ಇರವೂ ಮಗನ ಇರವೂ ಒಂದೇ.

ಈ ಪದ ಬೈಬಲ್ಲಿನಲ್ಲಿ ಎಲ್ಲಿಯೂ ಇಲ್ಲ. ಸಭೆಯಲ್ಲಿ ಎಷ್ಟೋ ಮಂದಿಗೆ ಅದು ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಾಯಿತು. ಸಾಲದ್ದಕ್ಕೆ, 268ರಲ್ಲಿ ಅಂತಿಯೋಕ್ಯದ ಸಭೆ ಸಮೋಸಾಟದ ಪೌಲನನ್ನು ಖಂಡಿಸುವಾಗ ಇದೇ ಪದವನ್ನು ತಳ್ಳಿಹಾಕಿತ್ತು. ತಂದೆ, ಮಗ ಎಂಬುದು ಒಬ್ಬನೇ ದೇವರು ಹಾಕಿಕೊಂಡ ಎರಡು ಮುಖವಾಡ ಎಂದು ಹೇಳಿದಂತಾಗುತ್ತದೆಯೇ ಎಂಬ ಭಯ ಹಲವರಿಗೆ. ಸಿಸೇರಿಯಾದ ಯುಸೀಬಿಯಸ್ ಸಹಿ ಹಾಕಿದ ಮೇಲೆ ತಾನೇಕೆ ಒಪ್ಪಿದೆ ಎಂದು ತನ್ನ ಊರಿನ ಸಭೆಗೆ ಉದ್ದದ ಕಾಗದ ಬರೆಯಬೇಕಾಯಿತು. ಕೊನೆಗೆ ಸಹಿ ಹಾಕದೆ ಆರಿಯಸ್‌ನೊಂದಿಗೆ ಗಡೀಪಾರಾದ ಬಿಷಪ್‌ಗಳು ಇಬ್ಬರೇ, ಲಿಬಿಯಾದ ಥಿಯೋನಾಸ್ ಮತ್ತು ಸೆಕುಂಡಸ್. ನನ್ನ ನಂಬಿಕೆ ಆ ಇಬ್ಬರದಲ್ಲ. ಆದರೂ ಚಕ್ರವರ್ತಿ ಎದುರಿಗೆ ಕೂತಿರುವಾಗ ಮನಸ್ಸಿಗೆ ಒಪ್ಪದ್ದಕ್ಕೆ ಸಹಿ ಹಾಕದ ಅವರ ಮೇಲೆ ನನಗೆ ಗೌರವವಿದೆ.

ಮುಂದೆ ರಾಜಿ ಮಾಡಬಯಸಿದವರು ಇನ್ನೊಂದು ಪದ ತಂದರು: ‘ಹೊಮೊಯಿಊಸಿಯೊಸ್’. ಗ್ರೀಕಿನಲ್ಲಿ ನಡುವೆ ಅಯೋಟ ಎಂಬ ಒಂದೇ ಅಕ್ಷರ ಹೆಚ್ಚು. ಅರ್ಥ, ತಂದೆಯ ಇರವನ್ನು ‘ಹೋಲುವ’ ಇರವು. ಒಂದಕ್ಷರದ ಜಗಳ ಎಂದು ನಗುವವರು ಹಿಡಿಯುವುದು ಇದನ್ನೇ. ನಾನು ಮಕ್ಕಳಿಗೆ ಹೀಗೆ ಕೇಳಿದೆ: ಮದುವೆಗೆಂದು ಕೊಂಡ ಸೀರೆ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕಳೆದುಹೋಯಿತು. ಅಂಗಡಿಯವ ಇನ್ನೊಂದನ್ನು ತಂದು, “ಅಂಥದೇ ಅಮ್ಮ, ಬಣ್ಣ, ಅಂಚು ಎಲ್ಲ ಅಂಥದೇ” ಎನ್ನುತ್ತಾನೆ. ನಿಮ್ಮಮ್ಮ ತಗೊಳ್ತಾರಾ? ತರಗತಿ ಒಂದೇ ದನಿಯಲ್ಲಿ ಇಲ್ಲ ಎಂದಿತು. ಅಮ್ಮನಿಗೆ ಬೇಕಾದದ್ದು ಅದೇ ಸೀರೆ. ‘ಅದೇ’ಗೂ ‘ಅಂಥದೇ’ಗೂ ಕನ್ನಡದಲ್ಲಿ ಎಷ್ಟು ಅಕ್ಷರದ ಅಂತರವೆಂದು ಯಾರೂ ಎಣಿಸಲಿಲ್ಲ. ಅಮ್ಮನ ಮುಖ ಅವರ ಕಣ್ಣ ಮುಂದೆ ಬಂದಿತ್ತು.

ನೈಸಿಯಾದಲ್ಲಿ ಎಲ್ಲ ಮುಗಿಯಿತು ಎಂದುಕೊಂಡರೆ ತಪ್ಪು. ಅಲ್ಲಿಂದಲೇ ಹೊಸ ಕಾಟ ಶುರು. ಮೂರೇ ವರ್ಷದಲ್ಲಿ ಗಡೀಪಾರಾದವರು ಒಬ್ಬೊಬ್ಬರೇ ವಾಪಸ್ಸು ಬಂದರು. 328ರಲ್ಲಿ ಅಥನೇಷಿಯಸ್ ಅಲೆಕ್ಸಾಂಡ್ರಿಯಾದ ಬಿಷಪ್ ಆದ. 335ರಲ್ಲಿ ಅವನನ್ನು ಟೈರ್ ಎಂಬ ಊರಿನಲ್ಲಿ ವಿಚಾರಣೆಗೆ ನಿಲ್ಲಿಸಿದರು. ಆರೋಪಗಳಲ್ಲಿ ಒಂದು, ಆರ್ಸೇನಿಯಸ್ ಎಂಬ ಬಿಷಪ್‌ನನ್ನು ಕೊಲ್ಲಿಸಿ ಮಾಟಕ್ಕಾಗಿ ಕೈ ಕತ್ತರಿಸಿದ ಎಂಬುದು. ಸಾಕ್ಷಿಗೆ ಒಂದು ಕತ್ತರಿಸಿದ ಕೈಯನ್ನೂ ತಂದು ತೋರಿಸಿದರು. ಅಥನೇಷಿಯಸ್ ಬಟ್ಟೆ ಮುಚ್ಚಿಕೊಂಡಿದ್ದ ಒಬ್ಬನನ್ನು ಕರೆತಂದು ಮುಖ ತೆರೆದ. ಆರ್ಸೇನಿಯಸ್, ಜೀವಂತ! ಮೇಲುಹೊದಿಕೆ ಸರಿಸಿ ಒಂದು ಕೈ ತೋರಿಸಿದ, ಸ್ವಲ್ಪ ತಡೆದು ಇನ್ನೊಂದನ್ನೂ ತೋರಿಸಿದ. ಮೂರನೆಯ ಕೈ ಎಲ್ಲಿಂದ ಕತ್ತರಿಸಿದ್ದೆಂದು ಆರೋಪ ಹೊರಿಸಿದವರೇ ಹೇಳಲಿ ಎಂದ. ಆದರೂ ಅವನು ಉಳಿಯಲಿಲ್ಲ. ಹೊಸ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆ ಹೋಗುವ ಧಾನ್ಯದ ಹಡಗುಗಳನ್ನು ತಡೆಯುತ್ತೇನೆಂದು ಬೆದರಿಸಿದ ಎಂಬ ಇನ್ನೊಂದು ದೂರು ಕಾನ್‌ಸ್ಟಂಟೈನ್‌ನ ಕಿವಿ ತಲುಪಿತು. ಬಿಷಪ್‌ನನ್ನು ದೂರದ ಟ್ರಿಯರ್‌ಗೆ, ಈಗಿನ ಜರ್ಮನಿಗೆ, ಅಟ್ಟಿದರು.

ಅಥನೇಷಿಯಸ್ ಮೆತ್ತಗಿನ ಮನುಷ್ಯನಲ್ಲ. ಅವನ ಕಡೆಯವರು ವಿರೋಧಿಗಳನ್ನು ಹಿಡಿದು ಹೊಡೆದ ದೂರು ಅದೇ ಕಾಲದ ಒಂದು ಪಪೈರಸ್ ಕಾಗದದಲ್ಲಿ ಉಳಿದು ಬಂದಿದೆ. ಅವನನ್ನು ಸಂತನೆಂದು ಗೌರವಿಸುವ ನಾವು ಅದನ್ನು ಮುಚ್ಚಿಡಬಾರದು. ಹಾಗೆಯೇ, ಆರಿಯಸ್ 336ರಲ್ಲಿ ಸತ್ತ ಬಗೆಯನ್ನು ಹೇಸಿಗೆಯ ಕಥೆ ಮಾಡಿ ದೇವರ ಶಿಕ್ಷೆ ಎಂದು ಹೇಳುವ ಚಾಳಿ ಆ ಕಾಲದಿಂದಲೂ ಇದೆ. ಆ ಕಥೆಯನ್ನು ನಾನು ಯಾವ ಮಗುವಿಗೂ ಹೇಳಿಲ್ಲ.

ಕಾನ್‌ಸ್ಟಂಟೈನ್ 337ರಲ್ಲಿ ಸಾಯುವ ಮುಂಚೆ ಸ್ನಾನದೀಕ್ಷೆ ಪಡೆದದ್ದು ಆರಿಯಸ್‌ನ ಗೆಳೆಯ ನಿಕೊಮೀಡಿಯಾದ ಯುಸೀಬಿಯಸ್‌ನಿಂದ! ಅವನ ಮಗ ಕಾನ್‌ಸ್ಟಾಂಷಿಯಸ್ ನೈಸಿಯಾದ ಪದವನ್ನು ಅಳಿಸಿಹಾಕಲು ಸಭೆಯ ಮೇಲೆ ಸಭೆ ಕರೆದ. 359ರಲ್ಲಿ ಇಟಲಿಯ ರಿಮಿನಿಯಲ್ಲಿ 400ರಷ್ಟು ಬಿಷಪ್‌ಗಳನ್ನು ಸೇರಿಸಿ, ಒಪ್ಪುವ ತನಕ ಬಿಡದೆ ಕೂಡಿಹಾಕಿ, ‘ಇರವು’ ಎಂಬ ಮಾತೇ ಇಲ್ಲದ ಸೂತ್ರಕ್ಕೆ ಸಹಿ ಹಾಕಿಸಿದರು. ಚಕ್ರವರ್ತಿಯೇ ಯೇಸುವನ್ನು ದೇವರನ್ನಾಗಿ ಮಾಡಿದ ಎನ್ನುವವರು ಈ ವರ್ಷಗಳನ್ನು ಓದಬೇಕು. ಅರಮನೆಯ ಬಲವೆಲ್ಲ ಆಗ ಇನ್ನೊಂದು ಕಡೆಗಿತ್ತು.

ಅಥನೇಷಿಯಸ್ ನಾಲ್ಕು ಚಕ್ರವರ್ತಿಗಳ ಕಾಲದಲ್ಲಿ ಐದು ಸಲ ಊರು ಬಿಟ್ಟ. 45 ವರ್ಷ ಬಿಷಪ್ ಆಗಿದ್ದವನು ಸುಮಾರು 17 ವರ್ಷ ಹೊರಗೇ ಕಳೆದ. 356ರ ಫೆಬ್ರವರಿಯ ರಾತ್ರಿ, ಜಾಗರಣೆಗೆಂದು ಜನ ತುಂಬಿದ್ದ ಇಗರ್ಜಿಯನ್ನು ಸೈನಿಕರು ಸುತ್ತುವರಿದರು. ಅವನು ತನ್ನ ಪೀಠದಲ್ಲೇ ಕೂತು ಡೀಕನ್‌ಗೆ ಕೀರ್ತನೆ ಹೇಳಲು ತಿಳಿಸಿದ. ದೇವರ ಕರುಣೆ ಶಾಶ್ವತವೆಂದು ಜನ ಸಾಲುಸಾಲಿಗೂ ದನಿಗೂಡಿಸುವ 136ನೇ ಕೀರ್ತನೆ. ಬಾಗಿಲು ಮುರಿದು ಬಾಣಗಳು ಬಂದವು, ಜನ ಸತ್ತರು. ಉಳಿದವರು ಹೊರಬೀಳುವ ತನಕ ಏಳಲೊಲ್ಲದ ಅವನನ್ನು ಸನ್ಯಾಸಿಗಳು ಎಳೆದು ಹೊರಗೆ ಒಯ್ದರು. ಮುಂದಿನ ಆರು ವರ್ಷ ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳು ಅವನನ್ನು ಗುಹೆಯಿಂದ ಗುಹೆಗೆ ಸಾಗಿಸಿ ಉಳಿಸಿಕೊಂಡರು. 373ರಲ್ಲಿ ಅವನು ಸತ್ತದ್ದು ತನ್ನೂರಿನಲ್ಲೇ, ಜಗಳ ಇನ್ನೂ ತೀರಿರಲಿಲ್ಲ.

ತೀರಿಸಿದವರು ಕಪ್ಪದೋಕಿಯಾ ಪ್ರಾಂತದ ಮೂವರು ಬಿಷಪ್‌ಗಳು: ಬೇಸಿಲ್, ಅವನ ತಮ್ಮ ನಿಸ್ಸಾದ ಗ್ರೆಗರಿ, ಗೆಳೆಯ ನಾಜಿಯಾಂಜಸ್‌ನ ಗ್ರೆಗರಿ. ಇರವು ಒಂದು, ವ್ಯಕ್ತಿಗಳು ಮೂರು ಎಂದು ಅವರು ಎರಡು ಪದಗಳನ್ನು ಬೇರೆ ಮಾಡಿ ಕೊಟ್ಟರು. ಮುಖವಾಡದ ಭಯ ಇದ್ದವರಿಗೂ ಅದರಿಂದ ಸಮಾಧಾನವಾಯಿತು. ಆ ಹೊತ್ತಿನ ಕಾನ್‌ಸ್ಟಾಂಟಿನೋಪಲ್ ಹೇಗಿತ್ತೆಂದು ನಿಸ್ಸಾದ ಗ್ರೆಗರಿ ಒಂದು ಪ್ರಸಂಗದಲ್ಲಿ ಹೇಳುತ್ತಾನೆ. ಚಿಲ್ಲರೆ ಕೇಳಲು ಹೋದರೆ ಅಂಗಡಿಯವ ಹುಟ್ಟಿದ್ದು, ಹುಟ್ಟದ್ದು ಎಂದು ತತ್ತ್ವ ಹೇಳುತ್ತಾನೆ. ರೊಟ್ಟಿಯ ಬೆಲೆ ಕೇಳಿದರೆ ತಂದೆ ದೊಡ್ಡವನೆಂಬ ಉತ್ತರ ಬರುತ್ತದೆ. ಸ್ನಾನದ ನೀರು ಕಾದಿದೆಯೇ ಎಂದರೆ ಮಗ ಶೂನ್ಯದಿಂದ ಬಂದನೆಂದು ತೀರ್ಪು ಸಿಗುತ್ತದೆ. ಅವನಿಗೆ ಬೇಸರ. ನನಗೆ ಮಾತ್ರ ಅದನ್ನು ಓದಿದಾಗ ಅಸೂಯೆಯಾಯಿತು. ದೇವರು ಯಾರೆಂಬುದು ರೊಟ್ಟಿಯ ಬೆಲೆಗಿಂತ ಮುಖ್ಯವೆಂದು ಒಂದು ಊರಿಗೆ ಊರೇ ಭಾವಿಸಿತ್ತು.

381ರಲ್ಲಿ ಚಕ್ರವರ್ತಿ ಥಿಯೋಡೋಸಿಯಸ್ ಆ ನಗರದಲ್ಲೇ 150 ಬಿಷಪ್‌ಗಳ ಸಭೆ ಕರೆದ. ಪವಿತ್ರಾತ್ಮನ ಕುರಿತು ನೈಸಿಯಾ ಒಂದೇ ಮಾತು ಹೇಳಿ ನಿಲ್ಲಿಸಿತ್ತು. ಆ ಭಾಗ ಬೆಳೆದು, ನಾವು ಇಂದು ಹೇಳುವ ವಿಶ್ವಾಸ ಪ್ರಮಾಣದ ರೂಪ ಈ ಸಭೆಯ ಹೆಸರಿನಲ್ಲಿ ಬಂತು.

ನಾವು ಇಂದು ಹೇಳುವುದು ಎಂದೆ. ಅದರಲ್ಲೂ ಒಂದು ವ್ಯತ್ಯಾಸವಿದೆ, ಅದು ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ. ನನ್ನ ಮಾವ್ಶಿಯನ್ನು, ಅಮ್ಮನ ತಂಗಿಯನ್ನು, ಬ್ರಹ್ಮಾವರದ ಸಿರಿಯನ್ ಆರ್ಥೊಡಾಕ್ಸ್ ಕುಟುಂಬಕ್ಕೆ ಕೊಟ್ಟಿತ್ತು. ಅವರೂ ನಮ್ಮಂತೆ ಕೊಂಕಣಿ ಮಾತಾಡುವವರೇ. 19ನೇ ಶತಮಾನದ ಕೊನೆಯಲ್ಲಿ ರೋಮಿನ ಆಡಳಿತದಿಂದ ಹೊರಬಂದು, ಕೇರಳದ ಮಲಂಕರ ಸಭೆಯಲ್ಲಿ 1889ರಲ್ಲಿ ಬಿಷಪ್ ಆದ ಗೋವಾ ಮೂಲದ ಆಲ್ವಾರಿಸ್ ಅವರ ಹಿಂದೆ ನಿಂತ ಸಮುದಾಯ. ಕ್ರಿಸ್ತನ ದೈವತ್ವವನ್ನೂ ಮನುಷ್ಯತ್ವವನ್ನೂ ಹೇಗೆ ಹೇಳಬೇಕೆಂದು ತೀರ್ಮಾನಿಸಲು 451ರಲ್ಲಿ ಕಾಲ್ಸಿಡನ್‌ನಲ್ಲಿ ನಡೆದ ಸಭೆಯನ್ನು ಈಜಿಪ್ಟ್, ಸಿರಿಯಾ, ಅರ್ಮೇನಿಯಾದವರು ಒಪ್ಪಲಿಲ್ಲ. ಒಪ್ಪದವರ ಆ ಕವಲು ಕೇರಳದ ದಾರಿಯಿಂದ ನಮ್ಮ ಉಡುಪಿಯ ಕಡೆಗೂ ಬಂತು. ಎಂಟು ವರ್ಷದವಳಾಗಿದ್ದಾಗ ಮಾವ್ಶಿಯ ಜೊತೆ ಅವರ ಇಗರ್ಜಿಯಲ್ಲಿ ನಿಂತು, ಬಾಯಿಪಾಠ ಬರುತ್ತಿದ್ದ ವಿಶ್ವಾಸ ಪ್ರಮಾಣವನ್ನು ಜೋರಾಗಿ ಹೇಳುತ್ತಿದ್ದೆ. ಪವಿತ್ರಾತ್ಮ ಪಿತನಿಂದ ಬರುವನೆಂದು ಎಲ್ಲರೂ ಹೇಳಿ ಮುಂದೆ ಹೋದರು. ನಾನೊಬ್ಬಳೇ ‘ಸುತನಿಂದಲೂ’ ಎಂದು ಸೇರಿಸಿದೆ. ನನ್ನ ದನಿ ಒಂಟಿಯಾಗಿ ಕೇಳಿ ಮೈ ಬೆವರಿತು. ಮಾವ್ಶಿ ನನ್ನ ಬೆರಳನ್ನು ಮೆಲ್ಲಗೆ ಒತ್ತಿದರು. ದಾರಿಯಲ್ಲಿ ಬರುವಾಗ, “ನಿಮ್ಮವರು ಆಮೇಲೆ ಸೇರಿಸಿದ್ದು ಬಾಯ್, ಮೊದಲು ಇರಲಿಲ್ಲ” ಎಂದರು.

ಮಾವ್ಶಿ ಹೇಳಿದ್ದು ಸರಿ ಎಂದು ಓದಿ ತಿಳಿಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. 381ರ ರೂಪದಲ್ಲಿ ಆ ಪದ ಇರಲಿಲ್ಲ. ಆರಿಯಸ್‌ನ ಪಂಥಕ್ಕೆ ಸೇರಿದ್ದ ಗೋಥ್ ಜನಾಂಗದ ಅರಸರು ಸ್ಪೇನಿನಲ್ಲಿ ನೈಸಿಯಾದ ನಂಬಿಕೆಗೆ ಬಂದ ಕಾಲದಲ್ಲಿ, ಮಗ ತಂದೆಗೆ ಸಮನೆಂದು ಒತ್ತಿ ಹೇಳಲು ಪಶ್ಚಿಮದವರು ಅದನ್ನು ಹಿಡಿದರು. ರೋಮಿನ ಪೂಜೆಗೆ ಅದು ಬಂದದ್ದು 1014ರಲ್ಲಿ. ಪೂರ್ವದವರು ಒಪ್ಪಲಿಲ್ಲ; ಪೂರ್ವ, ಪಶ್ಚಿಮದ ಸಭೆಗಳು ಬೇರೆಯಾದ ಕಾರಣಗಳಲ್ಲಿ ಅದೂ ಒಂದು.

2025ರ ನವೆಂಬರ್ 28ರಂದು, ನೈಸಿಯಾ ಸಭೆಗೆ 1700 ವರ್ಷ ತುಂಬಿದ ನೆನಪಿಗೆ ಪೋಪ್ ಹದಿನಾಲ್ಕನೇ ಲಿಯೋ ಇಜ್ನಿಕ್‌ಗೆ ಹೋದರು. ಕೆರೆಯ ದಡದಲ್ಲಿ, ನೀರಿನಡಿಯಿಂದ ಮೇಲೆದ್ದ ಹಳೆಯ ಇಗರ್ಜಿಯೊಂದರ ಗೋಡೆಗಳ ಪಕ್ಕ ಪ್ರಾರ್ಥನೆ. 2014ರಲ್ಲಿ ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಕಂಡುಬಂದ ಗೋಡೆಗಳು ಅವು. ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್ ಬಾರ್ತೊಲೊಮ್ಯೂ ಮತ್ತು ಬೇರೆ ಬೇರೆ ಸಭೆಗಳ ಹಿರಿಯರು ಪೋಪರ ಜೊತೆ ನಿಂತಿದ್ದರು. ನಾನು ಮನೆಯಲ್ಲಿ ಮೊಬೈಲ್ ಹಿಡಿದು ನೋಡುತ್ತಿದ್ದೆ. ಎಲ್ಲರೂ ಸೇರಿ ವಿಶ್ವಾಸ ಪ್ರಮಾಣ ಹೇಳಲು ತೊಡಗಿದರು. ತಂದೆಯೊಡನೆ ಒಂದೇ ಇರವು ಎಂಬ ಮಾತು ದಾಟಿತು. ಪವಿತ್ರಾತ್ಮನ ಸಾಲು ಬಂತು. ಪೋಪ್ ಆ ಪದವನ್ನು ಸೇರಿಸಲಿಲ್ಲ, ಎಲ್ಲರೊಂದಿಗೆ ಮುಂದೆ ಹೋದರು.

ನಾನೂ ಸೇರಿಸಲಿಲ್ಲ. ಬೆರಳ ಮೇಲೆ ಮಾವ್ಶಿಯ ಕೈ ಇದ್ದಂತೆ ಅನಿಸಿತು.